ಬೆನ್ನ ಹಿಂದಿನ ಡಂಗುರ

ಜಕ್ಕಪ್ಪ ಡಂಗುರ ಸಾರಿದ್ದು ಮಲಕವ್ವನ ಬೆನ್ನ ಹಿಂದೆ.

ಎಂಬತ್ತೆಂಟನೆಯ ಇಸವಿ, ಶ್ರಾವಣದ ಎರಡನೆಯ ಸೋಮವಾರ. ರಾಯಬಾಗ ತಾಲೂಕಿನ ಕೆಂಚನಟ್ಟಿಯಲ್ಲಿ ಮಳೆ ಹಿಡಿದು ಹದಿನೈದು ದಿನವಾಗಿತ್ತು. ಹಳ್ಳ ಉಕ್ಕಿ ಕುರುಬರ ಓಣಿಯ ಬಾವಿಗೆ ಹೊಲಸು ನೀರು ಇಳಿದಿತ್ತು. ಆರು ಮಂದಿ ವಾಂತಿಭೇದಿಯಾಗಿ ಮಲಗಿದ್ದರು, ಒಬ್ಬ ಮುದುಕ ಸತ್ತಿದ್ದ. ಮಂಡಲ ಪಂಚಾಯ್ತಿಯವರು ಜಕ್ಕಪ್ಪನಿಗೆ ಹೇಳಿ ಕಳಿಸಿದರು. ಅವನು ಥಂಡಿ ಹಿಡಿದ ಹಲಗಿಯ ಚರ್ಮವನ್ನು ಬೆಂಕಿಗೆ ಕಾಯಿಸಿ, ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದ.

"ಕೇಳ್ರಿ, ಊರ ಮಂದಿ ಕೇಳ್ರಿ. ಕುರಬರ ಓಣಿ ಬಾವಿ ನೀರ ಕೆಟ್ಟೈತಿ. ಯಾರೂ ಕುಡೀಬ್ಯಾಡ್ರಿ. ಬೋರಿನ ನೀರ ತಂದ ಕುದಿಸಿ ಕುಡೀರಿ. ಬಾವಿ ಕಟ್ಟಿಗೆ ಕೆಂಪ ಗುರ್ತ ಹಾಕ್ಯಾರ. ಆಮ್ಯಾಲ ಕೇಳಿಲ್ಲ ಅಂದೀರಿ, ಈಗ ಕೇಳ್ರಿ."

ಮಲಕವ್ವ ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಗಂಡ ಮಾಳಸಿದ್ದ ಕುರಿ ಹೊಡೆದುಕೊಂಡು ಮೂಡಲ ಸೀಮೆಗೆ ಹೋಗಿ ತಿಂಗಳಾಗಿತ್ತು. ಅವನು ಬರುವುದರೊಳಗೆ ಎರಡು ಕಂಬಳಿಗಾಗುವಷ್ಟು ನೂಲು ಆಗಬೇಕು. ಉಣ್ಣೆಯೊಳಗಿನ ಮುಳ್ಳು ತೆಗೆದೂ ತೆಗೆದೂ ಬೆರಳ ತುದಿ ಸೀಳಿದ್ದವು. ಬೆನ್ನು ಬೀದಿಯ ಕಡೆಗಿತ್ತು. ಜಕ್ಕಪ್ಪ ನಿಂತು ಬಾರಿಸಿದ. ಬೆನ್ನು ತಿರುಗಲಿಲ್ಲ. ಇನ್ನೊಂದು ಸಲ ಜೋರಾಗಿ ಬಾರಿಸಿದ. ಅಂಗಳದ ಕೋಳಿಗಳು ಹೆದರಿ ಹಿತ್ತಲಿಗೆ ಓಡಿದವು. ಬೆನ್ನು ತಿರುಗಲಿಲ್ಲ. ಜಕ್ಕಪ್ಪ ಮುಂದಿನ ಓಣಿಗೆ ಹೋದ.

ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಮೂರು ವರ್ಷದವಳಿದ್ದಾಗ ಬಂದ ಜ್ವರ, ಹೋಗುವಾಗ ಕಿವಿ ತೆಗೆದುಕೊಂಡು ಹೋಗಿತ್ತು. ಆವತ್ತಿನಿಂದ ಊರಿನ ಬಾಯಲ್ಲಿ ಅವಳು ಕೆಪ್ಪಿ, ಇಲ್ಲವೆ ಮೂಕಿ. ಮತದಾರರ ಪಟ್ಟಿಯಲ್ಲೂ ಮೂಕವ್ವ ಎಂದೇ ಬರೆದಿದ್ದರು. ಬರೆದವನಿಗೆ ಹೆಸರು ಕೇಳುವಷ್ಟು ಪುರಸೊತ್ತು ಇರಲಿಲ್ಲ.

ಅವಳು ಒಂದೇ ಒಂದು ವಿದ್ಯೆ ಕಲಿತಿದ್ದಳು. ತಲೆ ಆಡಿಸುವುದು. ಸಣ್ಣವಳಿದ್ದಾಗ ಎದುರಿನವರ ಬಾಯಿ ಅಲುಗುವುದನ್ನು ನೋಡುತ್ತ ಸುಮ್ಮನೆ ನಿಂತರೆ ಕಪಾಳಕ್ಕೆ ಬೀಳುತ್ತಿತ್ತು. ತಲೆ ಆಡಿಸಿದರೆ ಬಾಯಿ ನಿಲ್ಲುತ್ತಿತ್ತು, ಕೈ ಇಳಿಯುತ್ತಿತ್ತು, ಎದುರಿನವರು ತಮ್ಮ ಪಾಡಿಗೆ ಹೋಗುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ಶ್ರಾವಣದಲ್ಲಿ ಬೀರಪ್ಪನ ಗುಡಿಯಲ್ಲಿ ಪುರಾಣ ಓದುತ್ತಿದ್ದರು. ಅವಳು ತಪ್ಪದೆ ಹೋಗಿ ಕಂಬದ ಬುಡಕ್ಕೆ ಕೂಡುತ್ತಿದ್ದಳು. ಡೊಳ್ಳಿನ ಪೆಟ್ಟು ಬಿದ್ದಾಗ ನೆಲಕ್ಕೆ ಅಂಗೈ ಒತ್ತಿದರೆ ಕಲ್ಲು ಸಣ್ಣಗೆ ನಡುಗುವುದು ಗೊತ್ತಾಗುತ್ತಿತ್ತು. ಅಷ್ಟೇ ಅವಳ ಪಾಲಿನ ಪುರಾಣ. ಕೊನೆಗೆ ಓದುವವರು ಮಂಗಳ ಹಾಡಿ, ಇದನ್ನು ಕಿವಿಯಾರೆ ಕೇಳಿದವರ ಮನೆಗೆ ರೋಗ ಬಾರದಿರಲಿ ಎಂದು ಹರಸುತ್ತಿದ್ದರು. ಎಲ್ಲರೂ ಕೈ ಮುಗಿಯುತ್ತಿದ್ದರು. ಅವಳೂ ಮುಗಿಯುತ್ತಿದ್ದಳು.

ಡಂಗುರ ಮುಗಿದ ಕೂಡಲೆ ಓಣಿಯ ಹೆಂಗಸರು ಕೊಡ ಹೊತ್ತು ಬೋರಿನ ಕಡೆಗೆ ಓಡಿದರು. ಪಕ್ಕದ ಮನೆಯ ಸುಂದ್ರವ್ವ ಓಡುತ್ತಲೇ ಕೂಗಿದಳು.

"ಏ ಮಲಕಿ, ಬಾವಿಗಿ ಹೋಗಬ್ಯಾಡಬೇ. ಬೋರಿಗಿ ಬಾ. ಪಾಳಿ ಹಚ್ಚಬೇಕ, ಲಗೂನ ಬಾ."

ಮಲಕವ್ವ ತಲೆ ಎತ್ತಿದಾಗ ಕಂಡದ್ದು ಸುಂದ್ರವ್ವನ ಬಾಯಿ, ಸೊಂಟದ ಮೇಲಿನ ಖಾಲಿ ಕೊಡ. ನೀರಿಗೆ ಹೊತ್ತಾಯಿತು ಎನ್ನುತ್ತಿದ್ದಾಳೆ ಎಂದು ತಿಳಿದಳು. ನಕ್ಕು ತಲೆ ಆಡಿಸಿದಳು.

ಸುಂದ್ರವ್ವನ ಲೆಕ್ಕಕ್ಕೆ, ಹೇಳಿದ್ದಾಯಿತು.

ಮಲಕವ್ವ ಎರಡು ವರ್ಷದ ಮಗ ಮಲಕಾರಿಯನ್ನು ಸೊಂಟಕ್ಕೆ ಎತ್ತಿಕೊಂಡಳು. ನಾಲ್ಕು ವರ್ಷದ ಸಕ್ಕು ಸೆರಗು ಹಿಡಿದು ಬಂದಳು. ಬಾವಿಯ ಹತ್ತಿರ ಒಂದು ಹುಳವೂ ಇರಲಿಲ್ಲ. ದಿನಾ ಆದರೆ ಅವಳ ಕೊಡವನ್ನು ಕಾಲಿನಿಂದ ಹಿಂದೆ ಸರಿಸುತ್ತಿದ್ದರು. "ಮೂಕಿಗೇನ ಅವಸರ, ಮನ್ಯಾಗ ಮಾತಾಡೋದೈತೇನ" ಎಂದು ನಗುತ್ತಿದ್ದರು. ಮಾತು ಕೇಳದಿದ್ದರೂ ನಗೆ ಎಂಥದು ಎಂಬುದು ಅವಳಿಗೆ ಕಾಣುತ್ತಿತ್ತು. ಇವತ್ತು ಬಾವಿ ಪೂರಾ ಅವಳದು.

ಬಾವಿಯ ಕಟ್ಟೆಯ ಮೇಲೆ ಅಂಗೈಯಗಲ ಕೆಂಪು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ. ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಕೆಂಪು ಬರುತ್ತಿತ್ತು. ಕಲ್ಲಿಗೆ ಕೆಂಪು ಹಚ್ಚಿದರೆ ಆ ಕಲ್ಲು ದೇವರು. ಶ್ರಾವಣದಲ್ಲಿ ಬಾವಿಗೆ ಅರಿಷಿಣ ಕುಂಕುಮ ಇಡದ ಮುತ್ತೈದೆ ಯಾರಿದ್ದಾಳೆ? ಯಾರೋ ಪುಣ್ಯವಂತರು ಗಂಗವ್ವನಿಗೆ ಭಾರೀ ಪೂಜೆ ಮಾಡಿ ಹೋಗಿದ್ದಾರೆ ಎಂದುಕೊಂಡಳು. ಚಪ್ಪಲಿ ದೂರ ಬಿಟ್ಟಳು. ಉಂಗುರದ ಬೆರಳಿನಿಂದ ಕೆಂಪನ್ನು ಮುಟ್ಟಿದಳು. ಇನ್ನೂ ಹಸಿ ಇತ್ತು. ಎಣ್ಣೆಯ ನಾತ ಇತ್ತು. ದೇವರ ದೀಪದ ಎಣ್ಣೆ ಬಿದ್ದಿರಬೇಕು ಎಂದುಕೊಂಡಳು. ತನ್ನ ಹಣೆಗೆ ಇಟ್ಟುಕೊಂಡಳು, ಸಕ್ಕುವಿನ ಹಣೆಗೆ ಇಟ್ಟಳು, ಮಗನ ಹಣೆಗೆ ತುಸು ದೊಡ್ಡದಾಗಿ ಇಟ್ಟಳು. ಕೈ ಮುಗಿದಳು. ನೀರು ಸೇದಿದಳು. ಪೂಜೆಯಾದ ಬಾವಿಯ ಮೊದಲ ಬೊಗಸೆ ತೀರ್ಥವಲ್ಲವೆ? ಅದನ್ನು ಮಗನಿಗೆ ಕುಡಿಸಿದಳು.

ಮಾರನೆಯ ದಿನ ಹೊತ್ತು ಏರುವುದರೊಳಗೆ ಮಲಕಾರಿಗೆ ಐದು ಸಲ ವಾಂತಿಯಾಯಿತು. ಕೆಳಗೆ ನೀರಿನಂತೆ ಹೋಗತೊಡಗಿತು. ಸಕ್ಕುವನ್ನು ಸುಂದ್ರವ್ವನ ಬಾಗಿಲಲ್ಲಿ ಕೂಡಿಸಿ, ಮಗನನ್ನು ಹೆಗಲಿಗೆ ಹಾಕಿಕೊಂಡು ನಡೆದಳು. ದವಾಖಾನೆ ಮೂರು ಮೈಲು. ಮೊಣಕಾಲಿನವರೆಗೆ ಕೆಸರು, ಅರಲು. ಹೆಗಲ ಮೇಲಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಮಗನ ಹೊಲಸು ಇಳಿಯುತ್ತಿತ್ತು.

ದವಾಖಾನೆಯಲ್ಲಿ ಒಬ್ಬ ಬಾಗಿಲಲ್ಲಿ ನಿಂತು ಪಾಳಿ ಕೂಗುತ್ತಿದ್ದ. ಅವಳು ಅವನ ಬಾಯಿಂದ ಕಣ್ಣು ಕೀಳಲಿಲ್ಲ. ಬಾಯಿ ತೆರೆದಾಗಲೆಲ್ಲ ಎದ್ದಳು. ಎದ್ದಾಗಲೆಲ್ಲ ಅವನು ಕುಂಡ್ರು ಎಂದು ಕೈ ಮಾಡಿದ. ಅವಳ ಪಾಳಿ ಬಂದಾಗ ಅವನು ಒಳಗೆ ಮುಖ ಮಾಡಿ ಕೂಗಿದ. ಅವಳು ಕೂತೇ ಇದ್ದಳು. ಹಿಂದೆ ಬಂದ ಏಳು ಮಂದಿ ಒಳಗೆ ಹೋಗಿ ಹೊರಗೆ ಬಂದರು. ಕಡೆಗೆ ಅವಳೇ ನುಗ್ಗಿದಳು. ಕಂಪೌಂಡರ ತಲೆ ತಗ್ಗಿಸಿ ಬರೆಯುತ್ತಲೇ ಕೇಳಿದ.

"ಎಷ್ಟ ಸಲ ಹೊರಕಡಿ ಆಗೇತಿ?"

ತಲೆ ಆಡಿಸಿದಳು.

"ನೀರ ಯಾವುದ ಕುಡಿಸಿದಿ? ಬೋರಿಂದ ಹೌದಲ್ಲೊ?"

ತಲೆ ಆಡಿಸಿದಳು. ಬೋರಿನ ನೀರು ಎಂದು ಬರೆದುಕೊಂಡ. ಎರಡು ಪುಡಿ ಪಾಕೀಟು ಕೊಟ್ಟ.

"ನೀರ ಕುದಿಸಿ ಆರಿಸಿ, ಅದರಾಗ ಕಲಸಿ ಚಮಚಾಲೆ ಕುಡಿಸತಿರು. ಕಡಿಮಿ ಆಗಲಿಲ್ಲಂದ್ರ ಸಂಜಿಮುಂದ ಹೊಳ್ಳಿ ತಗೊಂಬಾ, ಸಲೈನ ಹಚ್ಚತೀವಿ. ತಿಳೀತೇನ?"

ತಲೆ ಆಡಿಸಿದಳು. ಅವನು ಹೊರಗೆ ಕೈ ಬೀಸಿದ. ಅಷ್ಟು ಮಾತಿನಲ್ಲಿ ಅವಳಿಗೆ ತಿಳಿದದ್ದು ಆ ಕೈ ಬೀಸಿದ್ದು ಒಂದೇ. ಹೋಗು ಎನ್ನುವುದಕ್ಕೆ ಮಾತ್ರ ಎಲ್ಲರಿಗೂ ಕೈ ಇರುತ್ತದೆ.

ಪಾಕೀಟಿನ ಮೇಲೆ ಒಂದು ಚಿತ್ರವಿತ್ತು. ಲೋಟ, ಲೋಟದೊಳಗೆ ನೀರು, ಪಕ್ಕದಲ್ಲಿ ಚಮಚ. ಮಲಕವ್ವನಿಗೆ ಕಣ್ಣು ಚೆನ್ನಾಗಿತ್ತು. ಚಿತ್ರದಲ್ಲಿ ಇದ್ದ ಹಾಗೇ ಮಾಡಿದಳು, ಒಂದು ಗುಲಗಂಜಿಯಷ್ಟೂ ತಪ್ಪಲಿಲ್ಲ. ಯಾವ ನೀರು ಎಂಬುದು ಚಿತ್ರದಲ್ಲಿ ಇರಲಿಲ್ಲ. ಮನೆಯ ಕೊಡದಿಂದ ಬಗ್ಗಿಸಿಕೊಂಡಳು. ಚಮಚ ಚಮಚ ಕುಡಿಸಿದಳು. ಸಂಜೆಗೆ ಮತ್ತೆ ದವಾಖಾನೆಗೆ ಒಯ್ಯಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಕುಡಿಸುತ್ತಲೇ ಇದ್ದಳು.

ಬುಧವಾರ ಮಧ್ಯಾಹ್ನ ಮಲಕಾರಿ ಅವಳ ತೊಡೆಯ ಮೇಲೆ ಸತ್ತ.

ಮಾಳಸಿದ್ದನ ಅಣ್ಣ ಬಾಳಾಸಾಬ ಬಂದು ಕೂಸನ್ನು ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದ. ಮೈ ತೊಳೆದಾಗ ಹಣೆಯ ಕೆಂಪು ಹೋಗಲಿಲ್ಲ. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹಾಗೇ ಮುಚ್ಚಿದರು. ಓಣಿಯ ಹೆಂಗಸರು ಬಂದು ಅವಳ ಸುತ್ತ ಕೂತು ಬಾಯಿ ಅಲುಗಿಸಿದರು. ಕೆಲವರು ಅತ್ತರು. ಮಗ ಯಾಕೆ ಸತ್ತ ಎಂದು ಅವಳಿಗೆ ಒಬ್ಬರೂ ಹೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು, ಅವಳಿಗೂ ಗೊತ್ತೇ ಇರುತ್ತದೆ ಎಂದು ಬಿಟ್ಟರು. ಬೀರಪ್ಪ ಕೊಟ್ಟಿದ್ದ, ಬೀರಪ್ಪ ಒಯ್ದ ಎಂದು ಅವಳು ತಿಳಿದಳು.

ಶುಕ್ರವಾರ ಸಕ್ಕುವಿಗೂ ವಾಂತಿ ಹತ್ತಿತು. ಹುಡುಗಿ ಒಣಗಿದ ತುಟಿ ನೆಕ್ಕುತ್ತ ನೀರು ಎಂದು ಕೈ ಮಾಡಿದಳು. ಕೊಡ ಬರಿದಾಗಿತ್ತು. ಮಲಕವ್ವ ಎದ್ದು ಕೊಡ ಎತ್ತಿಕೊಂಡು ಬಾವಿಗೆ ನಡೆದಳು.

ಹಗ್ಗ ಇಳಿಬಿಡುತ್ತಿದ್ದಾಗ ಹಿಂದಿನಿಂದ ಸುಂದ್ರವ್ವ ಬಂದು ಜಡೆ ಹಿಡಿದು ಎಳೆದಳು. ಕೊಡ ಕಸಿದು ಎಸೆದಳು. ಕಪಾಳಕ್ಕೆ ಬಾರಿಸಿದಳು.

"ಹಡದದ್ದ ಒಂದನ ಮಣ್ಣಾಗ ಇಟ್ಟ ಬಂದಿ, ಇನ್ನೊಂದನೂ ಕೊಲ್ಲತಿ ಏನ ರಂಡೆ? ಅವತ್ತ ಹೇಳಿಲ್ಲೇನ ನಾ? ಗೋಣ ಆಡಿಸಿದ್ದಿಲ್ಲೇನ ನೀ?"

ಹೆಂಗಸರು ಕೂಡಿದರು. ಎಲ್ಲರ ಬಾಯಿ ಒಮ್ಮೆಲೆ ಅಲುಗತೊಡಗಿದವು. ಮಲಕವ್ವ ಒಂದೊಂದೇ ಬಾಯಿ ನೋಡಿದಳು. ಹೊಡೆತ ಬಿದ್ದಿತ್ತು, ಇನ್ನೂ ಬೀಳಬಹುದಿತ್ತು. ರೂಢಿಯಂತೆ ತಲೆ ಆಡಿಸಿದಳು. ಆಡಿಸಿ ಮತ್ತೆ ಕೊಡದ ಕಡೆಗೆ ಬಗ್ಗಿದಳು.

ಆಗ ಜಕ್ಕಪ್ಪ ಆ ದಾರಿಯಲ್ಲಿ ಬರುತ್ತಿದ್ದ. ಅವನು ಹೊಲಗೇರಿಯವನು, ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಮಾರು ದೂರ ನಿಂತ. ಐವತ್ತು ವರ್ಷದ ಆಯುಷ್ಯದಲ್ಲಿ ಅವನು ಹೀಗೆ ದೂರ ನಿಂತು, ಬೊಗಸೆ ತೋರಿಸಿ, ಕೈಸನ್ನೆಯಲ್ಲೇ ನೀರು ಬೇಡಿದ್ದ. ಮಾತಾಡಿದರೆ ಬೈಗುಳ ಬರುತ್ತಿತ್ತು. ಆ ಓಣಿಯಲ್ಲಿ ಬೈಯದೆ ಅವನ ಬೊಗಸೆಗೆ ನೀರು ಹೊಯ್ಯುತ್ತಿದ್ದವಳು ಮಲಕವ್ವ ಒಬ್ಬಳೇ. ಹೊಯ್ದು, ಸಾಕೇ ಎಂದು ಕೈಯಲ್ಲೇ ಕೇಳುತ್ತಿದ್ದಳು. ಸಾಕವ್ವಾ ಎಂದು ಅವನು ಕೈಯಲ್ಲೇ ಹೇಳುತ್ತಿದ್ದ. ಅವರಿಬ್ಬರ ನಡುವೆ ವರ್ಷಗಟ್ಟಲೆ ಮಾತು ನಡೆದಿತ್ತು.

ಜಕ್ಕಪ್ಪ ಹಲಗಿಯನ್ನು ನೆಲಕ್ಕೆ ಇಟ್ಟ. ಎರಡೂ ಕೈ ಎತ್ತಿ ಬೀಸಿದ. ಅವಳು ನೋಡಿದಳು. ಬಾವಿ ತೋರಿಸಿದ. ಬೊಗಸೆ ಮಾಡಿ ಬಾಯಿಗೆ ಒಯ್ದ. ಹೊಟ್ಟೆ ಹಿಡಿದು ಬಗ್ಗಿದ, ಕಾರಿಕೊಂಡಂತೆ ಮಾಡಿದ. ಕೂಸನ್ನು ತೂಗುವ ಹಾಗೆ ತೋಳು ಕಟ್ಟಿದ. ತೋಳು ಬಿಚ್ಚಿದ. ಮಣ್ಣು ತೋರಿಸಿದ.

ಮಲಕವ್ವನ ಕಣ್ಣು ನೆಟ್ಟವು. ಇಲ್ಲ ಎಂಬಂತೆ ಕಟ್ಟೆಯ ಕೆಂಪು ತೋರಿಸಿದಳು. ಹಣೆ ತೋರಿಸಿದಳು. ಕೈ ಮುಗಿದು ತೋರಿಸಿದಳು. ಜಕ್ಕಪ್ಪನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅವನ ಕೈ ಗಾಳಿಯಲ್ಲಿ ಹಾಗೇ ನಿಂತವು. ಆಮೇಲೆ ಅವನು ಆ ಕೆಂಪಿನ ಕಡೆಗೆ ಬೆರಳು ಮಾಡಿ, ತನ್ನ ಕುತ್ತಿಗೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಬೆರಳು ಎಳೆದ.

ಅವಳು ತನ್ನ ಉಂಗುರದ ಬೆರಳು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಕೆಂಪು ಇನ್ನೂ ಇತ್ತು. ಅವಳ ಗಂಟಲಿನಿಂದ ಬಂದ ದನಿಗೆ ಓಣಿಯ ನಾಯಿಗಳು ಎದ್ದು ನಿಂತವು. ಹೇಳುವುದು ಎಂದರೆ ಕೂಗುವುದಲ್ಲ ಎಂದು ಸುಂದ್ರವ್ವನಿಗೆ ಆಗ ಹೊಳೆದಿರಬೇಕು. ಓಡಿ ಹೋಗಿ ತನ್ನ ಮನೆಯಿಂದ ಕುದಿಸಿದ ನೀರಿನ ತಂಬಿಗೆ ತಂದು, ಒಲೆ ತೋರಿಸಿ, ಆವಿ ತೋರಿಸಿ, ಸಕ್ಕುವಿನ ಬಾಯಿ ತೋರಿಸಿದಳು. ಸಕ್ಕು ಉಳಿದಳು.

ಶನಿವಾರ ತಾಲೂಕಿನಿಂದ ಜೀಪು ಬಂತು. ಮುನ್ನೆಚ್ಚರಿಕೆ ಕೊಟ್ಟ ಮೇಲೂ ಕೂಸು ಯಾಕೆ ಸತ್ತಿತು ಎಂದು ಮೇಲಿನವರು ಕೇಳಿದ್ದರು. ಚಾವಡಿಯಲ್ಲಿ ಮೇಜು ಹಾಕಿ ದೊಡ್ಡ ಸಾಹೇಬರು ಕೂತರು. ಅವರು ಮೈಸೂರು ಕಡೆಯವರು. ಪಕ್ಕದಲ್ಲಿ ಮಂಡಲ ಪ್ರಧಾನ ಅಣ್ಣಾಸಾಬ. ಬಾವಿಗೆ ಕೆಂಪು ಹಚ್ಚಿಸಿದ್ದ ಆರೋಗ್ಯ ಇಲಾಖೆಯ ಭೂಪಾಲ ಕಾಗದ ಬರೆದುಕೊಂಡು ನಿಂತಿದ್ದ. ಬಾಳಾಸಾಬ ಮಲಕವ್ವನನ್ನು ಕರೆತಂದು ಮೇಜಿನ ಮುಂದೆ ನಿಲ್ಲಿಸಿದ.

ಭೂಪಾಲ ಓದಿದ. "ಡಂಗುರ ಸಾರಿಸಿ, ಬಾವಿಗೆ ಕೆಂಪು ಗುರುತು ಹಾಕಿಸಿ, ಸಮಸ್ತರಿಗೂ ತಿಳಿಸಲಾಗಿದೆ. ಮೃತ ಮಗುವಿನ ತಾಯಿ ಮೂಕವ್ವ ಇವಳಿಗೆ ಖುದ್ದಾಗಿ ತಿಳಿಸಿದ್ದು, ಇವಳು ತಲೆಯಾಡಿಸಿ ಒಪ್ಪಿರುತ್ತಾಳೆ. ಇವಳ ನಿಷ್ಕಾಳಜಿಯಿಂದಲೇ ಮಗು ಸತ್ತಿರುತ್ತದೆ. ಓದಿ ಹೇಳಿದ್ದನ್ನು ಕೇಳಿ, ಸರಿಯಿದೆ ಎಂದು ಹೆಬ್ಬೆಟ್ಟು ಒತ್ತಿರುತ್ತಾಳೆ."

"ಕೆಪ್ಪಿ ಮುಂದ ಏನ ಓದತಿಯೋ ಭೂಪಾಲ," ಅಂದ ಪ್ರಧಾನ. "ಒತ್ತಿಸಿ ಕಳಸ."

"ಓದಿ ಹೇಳೇವಿ ಅಂತ ಬರದೀವಲ್ರಿ ಪ್ರಧಾನರ. ಓದಬೇಕಾಗತೈತ್ರಿ."

ಮಂದಿ ನಕ್ಕರು. ಸಾಹೇಬರೂ ಸ್ವಲ್ಪ ನಕ್ಕು, ಅವಳ ಕಡೆ ನೋಡದೆ ಕೇಳಿದರು. "ಏನಮ್ಮ, ಅರ್ಥ ಆಯ್ತಾ?"

ಎಲ್ಲರೂ ಅವಳ ತಲೆ ನೋಡುತ್ತ ನಿಂತರು. ಅದು ಆಡಬೇಕಿತ್ತು. ಇಪ್ಪತ್ತು ವರ್ಷ ಆಡಿದ ತಲೆ.

ಆಡಲಿಲ್ಲ.

ಮಲಕವ್ವ ಕಾಗದ ನೋಡಿದಳು, ಶಾಯಿಯ ಡಬ್ಬಿ ನೋಡಿದಳು. ಬಾವಿ, ಕೆಂಪು, ಕಾಗದ, ಬೆರಳು. ಅವಳಿಗೆ ಲೆಕ್ಕ ಹತ್ತಿತು. ತಿಳಿಯದ ಗುರುತಿಗೆ ಬೆರಳು ಇಟ್ಟು ಒಮ್ಮೆ ಮಗನನ್ನು ಕಳೆದುಕೊಂಡಿದ್ದಳು. ಬಾಳಾಸಾಬ ಅವಳ ಮುಂಗೈ ಹಿಡಿದ. ಅವಳು ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಅವನು ಬಿಡಿಸಲು ಹೋದ. ಬರಲಿಲ್ಲ. ತಳವಾರ ಬಂದ. ಇಬ್ಬರೂ ಸೇರಿ ಬೆರಳು ಕಿತ್ತರು. ಉಗುರು ಚುಚ್ಚಿ ರಕ್ತ ಬಂತು. ಉಣ್ಣೆಯ ಮುಳ್ಳು ಕಿತ್ತ ಕೈ, ಕಂಬಳಿ ಹಿಂಡಿದ ಕೈ. ಅದು ಬಿಚ್ಚಲಿಲ್ಲ.

"ಒತ್ತಬೇ, ನಿನ್ನ ಕಾಲ ಬೀಳತೀನಿ," ಅಂದ ಬಾಳಾಸಾಬ. "ಊರಾಗ ಇರಬೇಕ ನಾವು."

"ಬಿಡ್ರಿ ಅವಳನ್ನ," ಸಾಹೇಬರಿಗೆ ಬೇಜಾರಾಗಿತ್ತು. "ಸಾಕ್ಷಿ ಹೆಬ್ಬೆಟ್ಟಾದ್ರೂ ಹಾಕಿಸಿ ಮುಗಿಸಿ. ಡಂಗುರದವನು ಎಲ್ಲಿ?"

ಜಕ್ಕಪ್ಪ ಚಾವಡಿಯ ಮೆಟ್ಟಿಲ ಕೆಳಗೆ ನಿಂತಿದ್ದ. ಭೂಪಾಲ ಕಾಗದ ಹಿಡಿದು ಅಲ್ಲಿಗೇ ಬಂದ. "ಈಕಿ ಮನಿ ಮುಂದ ಸಾರಿದ್ದಿ ಹೌದಲ್ಲೊ?"

"ಸಾರೀನ್ರಿ."

"ಹಚ್ಚ ಮತ್ತ ಅಂಗಠಾ."

"ಬೆನ್ನ ಹಿಂದ ಸಾರೀನ್ರಿ. ಕೋಳಿ ಓಡಿದ್ವು, ಆಕಿ ತಿರಗಲಿಲ್ಲ. ಆಕಿಗೆ ಕೇಳೂದಿಲ್ಲಂತ ನನಗ ಗೊತ್ತಿತ್ತು. ಬಾರಿಸೂದಷ್ಟ ನನ್ನ ಕೆಲಸ ಅಂತ ಮುಂದ ಹೋದೆ. ನಾಕ ಹೆಜ್ಜಿ ಸುತ್ತ ಹಾಕಿ ಆಕಿ ಮುಂದ ನಿಂತಿದ್ರ ಕೂಸ ಉಳೀತಿತ್ತು. ಹಂಗ ಬರೀರಿ. ಅದರ ಕೆಳಗ ಹಚ್ಚತೀನಿ."

ಪ್ರಧಾನ ಎದ್ದು ನಿಂತ. "ಬಾಳ ಮಾತಾಡಾಕತ್ತೀಯಲ್ಲೋ ಜಕ್ಯಾ. ನಾಳಿಂದ ಹಲಗಿ ಹೆಂಗ ಹಿಡೀತಿ ನೋಡತೀನಿ."

ಜಕ್ಕಪ್ಪ ಹೆಗಲಿನಿಂದ ಹಲಗಿ ತೆಗೆದು ಮೆಟ್ಟಿಲ ಮೇಲೆ ಇಟ್ಟ. "ತಗೋರಿ. ನೀವ ಹೊಡೀರಿ."

ಆ ಹೊತ್ತಿನಲ್ಲಿ ಮಲಕವ್ವ ಮೇಜು ಸುತ್ತಿ ಬಂದಳು. ಸಾಹೇಬರು ಪೆನ್ನಿನ ಟೋಪಿ ಹಾಕುತ್ತಿದ್ದರು. ಅವಳು ರಕ್ತದ ಕೈಯಿಂದ ಅವರ ಗದ್ದ ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ತಳವಾರ ಮುಂದೆ ಬಂದವನು ಅವಳ ಕಣ್ಣು ನೋಡಿ ಅಲ್ಲೇ ನಿಂತ.

ಅವಳು ಶುರು ಮಾಡಿದಳು. ಬಾವಿ. ಕಟ್ಟೆ. ಕೆಂಪು. ಉಂಗುರದ ಬೆರಳನ್ನು ಅವರ ಕಣ್ಣ ಮುಂದೆ ಹಿಡಿದು ಉಗುರಿನ ಸಂದಿ ತೋರಿಸಿದಳು. ಹಣೆ. ಮುಗಿದ ಕೈ. ಬೊಗಸೆ. ಮಗನ ಬಾಯಿ. ಹೊಟ್ಟೆ. ಮೂರು ಮೈಲಿನ ದಾರಿ. ಬಾಗಿಲಲ್ಲಿ ಕೂಗುವ ಬಾಯಿ. ತಗ್ಗಿಸಿದ ತಲೆ. ಬೀಸಿದ ಕೈ. ಲೋಟ, ಚಮಚ. ತೂಗುವ ತೋಳು. ಬಿಚ್ಚಿದ ತೋಳು. ಮಣ್ಣು. ಆಮೇಲೆ ಸಾಹೇಬರ ಬಾಯಿಗೆ ಬೆರಳು ಇಟ್ಟಳು, ತನ್ನ ಕಿವಿಗೆ ಇಟ್ಟು ಅಂಗೈ ಬರಿದು ಮಾಡಿ ತೋರಿಸಿದಳು. ತನ್ನ ಎರಡೂ ಕಣ್ಣು ಮುಟ್ಟಿಕೊಂಡಳು. ಇವು ಇದ್ದವಲ್ಲ. ಅಲ್ಲಿಂದ ಬೆರಳನ್ನು ಭೂಪಾಲನಿಗೆ, ಪ್ರಧಾನನಿಗೆ, ಬಾಳಾಸಾಬನಿಗೆ, ಕೂಡಿದ ಮಂದಿಗೆ ಒಬ್ಬೊಬ್ಬರಿಗೇ ತೋರಿಸುತ್ತ ಬಂದಳು. ಬೆರಳು ಜಕ್ಕಪ್ಪನ ಮೇಲೂ ನಿಂತಿತು. ಅವನು ಮುಖ ತಪ್ಪಿಸಲಿಲ್ಲ.

ಸುಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಏನಂತಾಳೆ ಇವಳು?" ಸಾಹೇಬರು ಗದ್ದ ಒರೆಸಿಕೊಂಡರು. "ಯಾರಾದ್ರೂ ಹೇಳ್ರಪ್ಪ."

ಮೆಟ್ಟಿಲ ಕೆಳಗಿನಿಂದ ಜಕ್ಕಪ್ಪ ಹೇಳಿದ. "ಡಂಗುರ ಸಾರಾಕತ್ತಾಳ್ರಿ ಸಾಹೇಬ್ರ. ಊರಿಗೆಲ್ಲಾ ಕೇಳಿಸ್ತು. ನಿಮಗೊಬ್ಬರಿಗೇ ಕೇಳಸ್ವಲ್ದೇನ್ರಿ?"

ಮಲಕವ್ವ ಸಾಹೇಬರ ಮುಖದಿಂದ ಕಣ್ಣು ಕದಲಿಸಲಿಲ್ಲ. ಸಾಹೇಬರು ಮಂದಿಯ ಕಡೆ ನೋಡಿದರು, ಜೀಪಿನ ಕಡೆ ನೋಡಿದರು, ಮತ್ತೆ ಅವಳ ಕೈ ನೋಡಿದರು. ಏನು ಮಾಡಬೇಕೋ ತಿಳಿಯದೆ, ಸಣ್ಣಗೆ ನಕ್ಕು, ತಲೆ ಆಡಿಸಿದರು.

ಆ ತಲೆ ಆಡಿಸುವುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಚಾವಡಿಯಲ್ಲಿ ಯಾರೂ ಇರಲಿಲ್ಲ. ಅವಳು ಮತ್ತೆ ಅವರ ಗದ್ದ ಹಿಡಿದಳು. ಮುಖ ತಿರುಗಿಸಿಕೊಂಡಳು. ಬಾವಿಯಿಂದ ಮತ್ತೆ ಶುರು ಮಾಡಿದಳು.